ಮೂರು ಕಾರಣ

"ಇದನ್ನ ಯಾರು ಬರಿಸ್ಯಾರ್ರೀ ಅಕ್ಕೋರ?"

ಮುಖ್ಯಶಿಕ್ಷಕ ಶೇಖಪ್ಪ ಮೊಬೈಲನ್ನು ಶಿಕ್ಷಕಿ ಮಧುಮತಿಯ ಮುಂದೆ ಹಿಡಿದರು. ಶಿಕ್ಷಣಾಧಿಕಾರಿಗಳ ಕಚೇರಿಗೆ ತಲುಪಿದ ಪತ್ರದ ಫೋಟೊ, ಅಲ್ಲಿಂದಲೇ ಬಂದಿತ್ತು. ಗೆರೆಹಾಳೆಯ ಮೇಲೆ ದುಂಡನೆಯ ಅಕ್ಷರ. ಮೂರನೆಯ ತರಗತಿಯ ಶೈಲಾಳದು.

"ನಮ್ಮ ಮಧುಮತಿ ಅಕ್ಕೋರನ್ನು ದಾಂಡೇಲಿಯಿಂದ ಬೇರೆ ಊರಿಗೆ ಕಳಿಸಿರಿ. ಮೂರು ಕಾರಣ ಇವೆ. ಒಂದು, ಊಟದ ಹೊತ್ತಿನಲ್ಲಿ ಅವರು ದಿನಾ ಫೋನಿನಲ್ಲೇ ಇರುತ್ತಾರೆ. ಎರಡು, ನಮ್ಮ ಹೆಸರು ಮರೆತು ಸುಮನ ಎಂದು ಕರೆಯುತ್ತಾರೆ. ಮೂರು, ಶನಿವಾರ ಗಂಟೆ ಹೊಡೆಯುವ ಮೊದಲೇ ಚೀಲ ಹಿಡಿದು ನಿಂತಿರುತ್ತಾರೆ."

ಕೆಳಗೆ ಇಪ್ಪತ್ತೆರಡು ಮಕ್ಕಳ ಹೆಸರು.

ಮನವೊಲಿಸುವ ಪತ್ರ ಬರೆಯಲು ಕಲಿಸಿದವಳು ಅವಳೇ. 'ಹಟಾ ಮಾಡಿದ್ರ ಯಾರೂ ಕೊಡೂದಿಲ್ಲ. ಏನು ಬೇಕು, ಯಾಕ ಬೇಕು ಹೇಳ್ರಿ. ಕಾರಣ ಖರೇ ಇರಬೇಕು' ಎಂದು ತಿಂಗಳಿಡೀ ತಿದ್ದಿದ್ದಳು. ಆಟದ ಅವಧಿ ಹೆಚ್ಚಿಸಿ ಎಂದು ಬರೆದಾರು ಅಂದುಕೊಂಡಿದ್ದಳು. ಕಲಿಸಿದ ವಿದ್ಯೆಯನ್ನು ಮೊದಲು ಅವಳ ಮೇಲೆಯೇ ಪ್ರಯೋಗಿಸಿದ್ದರು. ಒಂದು ಕಾರಣವೂ ಸುಳ್ಳಲ್ಲ. ಅದೇ ಹೆಚ್ಚು ಉರಿಯಿತು.

ತರಗತಿಗೆ ಬಂದವಳೇ, "ಶೈಲಾ, ಎದ್ದು ನಿಲ್ಲು. ಯಾರು ಹೇಳಿಕೊಟ್ರು?" ಎಂದಳು.

"ಯಾರೂ ಇಲ್ರಿ. ನಾವ ಕೂಡಿ ಬರದ್ವಿ."

"ನಾ ಹೋದ್ರ ನಿಮಗ ಚಲೋ ಅನಸ್ತೈತೇನು?"

ಹುಡುಗಿ ತಲೆ ಅಲ್ಲಾಡಿಸಿದಳು. "ಇಲ್ರಿ. ಆದ್ರ ನೀವು ಹೋಗಬೇಕ್ರಿ."

ಹೋದ ಮಳೆಗಾಲದಲ್ಲಿ ಇದೇ ಶೈಲಾಳಿಗೆ ಜ್ವರ ಏರಿದಾಗ ಹೆಗಲ ಮೇಲೆ ಹಾಕಿಕೊಂಡು ದವಾಖಾನೆಗೆ ಓಡಿದವಳು ಮಧುಮತಿ. "ಇನ್ನ ಮ್ಯಾಲೆ ನನ್ನ ಕೈಲೆ ನೀವೇನೂ ಕಲಿಯೂದು ಬ್ಯಾಡ," ಎಂದು ಕರಿಹಲಗೆ ಒರೆಸಿ ಹೊರಗೆ ನಡೆದಳು. ಒಂದು ಮಗುವೂ ತಲೆ ಎತ್ತಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಬಿಕ್ಕಿದ್ದು ಕೇಳಿಸಿತು. ಕೇಳದವಳಂತೆ ಬಾಗಿಲು ದಾಟಿದಳು.

ಶೇಖಪ್ಪ ಎದುರಾದರು. ದನಿ ಮೆತ್ತಗಾಗಿತ್ತು. "ಅಕ್ಕೋರ, ನಿಂದರ್ರಿ. ಹಾಳಿ ಹಿಂದಿನ ಮಗ್ಗಲಿಗೂ ಬರದಾರ. ಆ ಫೋಟೊ ಈಗ ಬಂತು."

ಅವಳು ಓದಿದಳು:

"ಸುಮನ ಅಕ್ಕೋರ ಮಗಳು. ಮೂರೇ ವರ್ಷ. ಮುಂಡಗೋಡದಲ್ಲಿ ಅಜ್ಜಿಯ ಹತ್ತಿರ ಇದ್ದಾಳೆ. ಅಕ್ಕೋರನ್ನು ಅಲ್ಲಿಗೇ ಕಳಿಸಿರಿ. ನಮಗೆ ಅಳು ಬರುತ್ತದೆ, ಬರಲಿ. ನಮ್ಮ ಅವ್ವಂದಿರು ದಿನಾ ಸಂಜೆ ಮನೆಗೆ ಬರುತ್ತಾರೆ."