ಮೂವತ್ತೊಂದನೆಯ ಬಾಗಿಲು

"ಬಾಗಿಲು ತೆಗೀದೇ ಇದ್ದ ಮನೆಗಳನ್ನ ಬಿಟ್ಟೇಬಿಡೋಣ ಡೊಕ್ತೋರಾ," ಎಂದು ಜೊತೆಯ ಸಂಶೋಧಕ ಇಲಾರಿಯೋ ಕುಡಿತದ ಸಮೀಕ್ಷೆಯ ಪಟ್ಟಿಯ ಮೇಲೆ ಗೆರೆ ಎಳೆಯಹೊರಟ. "ಉತ್ತರ ಕೊಟ್ಟವರಷ್ಟೇ ಸಾಕು. ಈ ಬೀದೀಲಿ ಕುಡಿಯೋರು ಕಮ್ಮಿ ಅಂತ ಬರುತ್ತೆ, ಪುರಸಭೆಯೋರಿಗೂ ಖುಷಿ."

ಡಾ. ಎರೆಂದಿರಾ ಅವನ ಪೆನ್ಸಿಲನ್ನು ಹಿಡಿದುಕೊಂಡಳು. ಮೂವತ್ತೊಂದನೆಯ ಮನೆಯ ಮುಂದೆ ಅವಳದೇ ದುಂಡನೆಯ ಅಕ್ಷರ: 'ಯಾರೂ ಇಲ್ಲ.'

"ಬೇಡ. ಬಾಗಿಲು ಯಾರು ತೆಗೀತಾರೆ ಅನ್ನೋದಕ್ಕೆ ಒಂದು ಸಮೀಕರಣ, ಎಷ್ಟು ಕುಡೀತಾರೆ ಅನ್ನೋದಕ್ಕೆ ಇನ್ನೊಂದು. ಎರಡನ್ನೂ ಜೋಡಿಸೋ ಮಾಡೆಲ್ಲೇ ಹಾಕಿ. ಕುಡಿದೋರೇ ಬಾಗಿಲು ತೆಗೀದೇ ಇದ್ದಿದ್ರೆ ನಿಮ್ಮ ಲೆಕ್ಕ ತಪ್ಪಾಗುತ್ತೆ."

"ನಾವು ಹೋಗಿದ್ದು ಸೋಮವಾರ," ಎಂದ ಇಲಾರಿಯೋ. "ಭಾನುವಾರ ಕುಡಿದ ಮೆಸ್ಕಲ್ಲಿನ ನಶೆ ಇಳಿಯೋವರೆಗೂ ಗಾರೆ ಕೆಲಸದೋರಿಗೆಲ್ಲ ಸಂತ ಸೋಮವಾರನ ಹಬ್ಬ, ಕೆಲಸಕ್ಕೆ ಚಕ್ಕರ್, ಒಪ್ಪಿದೆ. ಆದ್ರೆ ಮುಚ್ಚಿದ ಬಾಗಿಲ ಹಿಂದೆ ಕುಡುಕರೇ ಇದ್ರು ಅಂತ ನಿಮಗೆ ಹೇಳಿದ್ಯಾರು? ಸಂತೆಗೆ ಹೋಗಿರಬಹುದಲ್ಲ?"

ಅವಳು ಪೆನ್ಸಿಲ್ ಬಿಡಲಿಲ್ಲ. ಅಂದು ಎರಡು ಸಲ ಬಾಗಿಲು ತಟ್ಟಿದ್ದಳು. ಒಳಗೆ ಬಾಟಲಿಯೊಂದು ಉರುಳಿತ್ತು, ಕೆಮ್ಮು ಕೇಳಿತ್ತು, ಆಮೇಲೆ ಒಂದು ತೊದಲು ದನಿ. ಜೊತೆಗಾರರು ಬೀದಿಯ ಮೂಲೆ ತಿರುಗಿ ಬರುವ ಮುನ್ನವೇ ಆ ಎರಡು ಪದ ಗೀಚಿ ಮುಂದಿನ ಮನೆಗೆ ನಡೆದಿದ್ದಳು.

"ಅದು ನಮ್ಮಣ್ಣನ ಮನೆ," ಎಂದಳು. "ಯಾರು ಅಂತ ಕೇಳಿದ. ನಾನೇ ಉತ್ತರ ಕೊಡಲಿಲ್ಲ."