ಸಂಖ್ಯೆ ಇಲ್ಲದ ಅಕ್ಷರ

ಯಂತ್ರಗಳ ಹೊರೆ ಇಳಿಸಲೆಂದು ಸರಕಾರ, ಅವು ‘ಳ’ ಅಕ್ಷರವನ್ನು ಗುರುತಿಸುವ ಸಂಖ್ಯೆಯನ್ನೇ ತೆಗೆದುಹಾಕಿ ವರ್ಷವಾಗಿತ್ತು. ಪೇಟೆಯಲ್ಲಿ ಬಾಳೆಹಣ್ಣು ಬಾಲೆಹಣ್ಣಾಗಿತ್ತು, ಮಳೆ ಮಲೆಯಾಗಿತ್ತು. ಜನರ ನಾಲಿಗೆಯೂ ಅದಕ್ಕೆ ಒಗ್ಗಿಹೋಗಿತ್ತು.

ಫಕೀರವ್ವನ ನಾಲಿಗೆ ಮಾತ್ರ ಒಗ್ಗಿರಲಿಲ್ಲ. ತಮ್ಮ ಶಂಕ್ರೆಪ್ಪನ ಕೂಸಿಗೆ ಹೆಸರಿಡುವ ದಿನ, ಸೋದರತ್ತೆಯಾಗಿ ಅವಳು ತೊಟ್ಟಿಲಿಗೆ ಬಾಗಿ, ಕೂಸನ್ನು ಹೆತ್ತ ವಾರಕ್ಕೇ ತೀರಿಕೊಂಡ ಅದರ ತಾಯಿಯ ಹೆಸರನ್ನೇ ಕೂಗಿದಳು: “ಬಾಳವ್ವ!”

ಪಕ್ಕದಲ್ಲಿ ಕೂತಿದ್ದ ನೋಂದಣಿ ಸಾಹೇಬರ ಯಂತ್ರ ಕೀಂ ಎಂದಿತು.

“ಆ ಅಕ್ಷರದ ನಂಬರ ೩೨೫೧ ಈಗ ಇಲ್ರೀ ಅಕ್ಕಾರ. ಮಗ್ಗಲದಾಗಿನ ೩೨೫೦ ಐತಿ, ‘ಲ’. ಬಾಲವ್ವ ಅಂತ ಹಾಕ್ತೀನಿ,” ಎಂದರು ಸಾಹೇಬರು.

“ಬಾಲ ಇರಾಕ ಇದೇನು ಆಕಳ ಕರಾನ್ರಿ?”

“ಹಂಗಾರ ಆ ಜಾಗಾದಾಗ ಖಾಲಿ ಚೌಕ ಬರ್ತೈತಿ. ನಾಲೆ ಸಾಲಿ ಗೇಟಿನ ಯಂತ್ರಕ್ಕ ಇಕೀ ಹೆಸರು ಓದಾಕ ಬರೂದಿಲ್ಲ, ಗೇಟ ತೆರಿಯೂದಿಲ್ಲ.”

ಶಂಕ್ರೆಪ್ಪ ಅಕ್ಕನ ಸೆರಗು ಜಗ್ಗಿದ. “ಹೋಗ್ಲಿ ಬಿಡಕ್ಕಾ, ಒಂದ ಅಕ್ಷರ.”

ಫಕೀರವ್ವ ತಮ್ಮನ ಕಡೆ ತಿರುಗಿದಳು. “ಇಕೀ ಅವ್ವನ್ನ ನೀ ಏನಂತ ಕರೀತಿದ್ದಿ? ಅದನ್ನ ಈಗ ಹೇಳು. ನೀ ಬ್ಯಾಡಂದ್ರ ನಾ ಸುಮ್ಮನಾಗ್ತೀನಿ.”

ಹೆಂಡತಿ ಸತ್ತಾಗಿನಿಂದ ಆ ಹೆಸರನ್ನು ಶಂಕ್ರೆಪ್ಪ ಬಾಯಿಗೆ ತಂದಿರಲಿಲ್ಲ. ಅವನು ತೊಟ್ಟಿಲ ಹತ್ತಿರ ಬಂದ. ಆಮೇಲೆ ಬಾಗಿ, ನಾಲಿಗೆ ಮಡಚಿ, ಅಂಗಳಕ್ಕೆಲ್ಲ ಕೇಳುವಂತೆ ಕರೆದ: “ಬಾಳವ್ವಾ!”

ಕೂಸು ಕಣ್ಣು ಬಿಟ್ಟಿತು. ಫಕೀರವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಚೌಕಾನ ಇರ್ಲಿ, ಸಾಹೇಬ್ರ,” ಎಂದ ಶಂಕ್ರೆಪ್ಪ. “ಮಗಳು ಸಾಲೀಗೆ ಹೋಗೂ ದಿನ ಗೇಟಿನ ಮುಂದ ನಿಂತು ಆಕೀ ಹೆಸರು ನಾನ ಒದರ್ತೀನಿ. ತೆರಿಯೂತನಕ ಒದರ್ತೀನಿ.”