ಕೆಳಗಿನ ಪದರ ಯಾರದು?

"ಅಲ್ಲ ಸರ್, ಚೆನ್ನಾಗಿ ಓಡ್ತಿರೋ ಪದರ ಕಿತ್ತು ಹೊಸದು ಹಾಕೋದ್ಯಾಕೆ?" ಎಂದು ಅಕ್ಕ ಮತ್ತೆ ರಾಗ ತೆಗೆದಾಗ ಮ್ಯಾನೇಜರ್ ನಕ್ಕುಬಿಟ್ಟರು.

"ನೀವೇ ಅಲ್ವೇನಮ್ಮ ಹಾಗೆ ಕಟ್ಟಿದ್ದು? ಯಾವ ಪದರ ಬೇಕಾದ್ರೂ ಬದಲಾಯಿಸಬಹುದು, ಮೇಲಿನ ಪದರಕ್ಕೆ ಗೊತ್ತೇ ಆಗಬಾರದು ಅಂತ?"

ಹೌದು, ಆ ನಿಯಮ ಅವಳದೇ. ಕಂಪನಿಯ ನೆಟ್‌ವರ್ಕ್ ಸಾಫ್ಟ್‌ವೇರನ್ನು ಒಂದರ ಮೇಲೊಂದು ಪದರವಾಗಿ ಜೋಡಿಸಿದವಳೇ ಅವಳು. ದಾರಿಯಲ್ಲಿ ಕಳೆದುಹೋದ ಮಾಹಿತಿಯ ತುಣುಕುಗಳನ್ನು ಮತ್ತೆ ಕಳಿಸುವ ಪದರವಂತೂ ಅವಳ ಹೆಮ್ಮೆಯ ಕೂಸು. ಈಗ ಅದೇ ಜಾಗಕ್ಕೆ, ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಸ್ವಂತ ತಂಗಿ ಇನ್ನೊಂದನ್ನು ಬರೆದು ತಂದಿದ್ದಳು. ಕಂಡವರೆಲ್ಲ ಹೊಗಳಿದ್ದೇ ಹೊಗಳಿದ್ದು. ಅಸೂಯೆಯಿಂದ ಅಕ್ಕನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಮನೆಯಲ್ಲಿ ಅಮ್ಮನ ಮುದ್ದು ಸಾಲದೆಂದು ಆಫೀಸೂ ಬೇಕೇ ಇವಳಿಗೆ?

ಪರೀಕ್ಷೆ ಶುರುವಾಯಿತು. ಬೇಕೆಂದೇ ಹದಗೆಡಿಸಿದ ನೆಟ್‌ವರ್ಕಿನಲ್ಲಿ ಒಂದೇ ವೀಡಿಯೋವನ್ನು ಎರಡು ಸಲ ಓಡಿಸುವುದು, ಒಮ್ಮೆ ಅಕ್ಕನ ಪದರದ ಮೇಲೆ, ಒಮ್ಮೆ ತಂಗಿಯದರ ಮೇಲೆ. ಪದರ ಬದಲಿಸಲು ತಂಗಿ ಮೂಲೆಯ ಕಂಪ್ಯೂಟರಿನಲ್ಲಿ ಕುಳಿತಳು. ಯಾವುದು ಯಾರದೆಂದು ಅವಳು ಮೊದಲೇ ಬಾಯಿ ಬಿಡುವಂತಿರಲಿಲ್ಲ.

ಮೊದಲ ಸಲ ಗೋಡೆಯ ಪರದೆಯಲ್ಲಿ ವೀಡಿಯೋ ಸರಾಗವಾಗಿ ಓಡಿತು. ಎರಡನೆಯ ಸಲ ತಡವರಿಸಿತು, ನಿಂತಿತು, ಮತ್ತೆ ಹೊರಟಿತು.

"ನೋಡಿ ಸರ್!" ಅಕ್ಕ ಕುರ್ಚಿ ಬಿಟ್ಟು ಎದ್ದೇ ನಿಂತಳು. "ಒಂದು ತುಣುಕು ಕಳೆದ್ರೆ ಅದರ ನಂತರದ್ದನ್ನೆಲ್ಲ ಮತ್ತೆ ಕಳಿಸ್ತಾ ಕೂತಿದೆ. ಎಳಸು ಕೆಲಸ! ನಾನು ಸತ್ತರೂ ಹೀಗೆ ಬರೀತಿರಲಿಲ್ಲ."

"ಎರಡನೇದು ಯಾರದಮ್ಮ?" ಮ್ಯಾನೇಜರ್ ತಂಗಿಯನ್ನು ಕೇಳಿದರು.

ತಂಗಿ ತಲೆಯೆತ್ತಿ ಅಕ್ಕನನ್ನು ನೋಡಿದಳು. "ನಂದೇ ಸರ್."

"ಸರಿ ಬಿಡು, ಹಾಗಾದ್ರೆ ಅಕ್ಕಂದೇ ಇರ್ಲಿ," ಎಂದು ಅವರು ಹೊರಟರು.

ಅಕ್ಕನಿಗೆ ಸ್ವರ್ಗ ಮೂರೇ ಗೇಣು. ಗೆದ್ದವರ ಧಾರಾಳತನದಲ್ಲಿ ತಂಗಿಯ ಬೆನ್ನು ತಟ್ಟಲು ಹೋದಳು. ಕಂಪ್ಯೂಟರಿನಲ್ಲಿ ಎರಡನೆಯ ಪದರ ಇನ್ನೂ ಓಡುತ್ತಿತ್ತು. ಅದರ ಪಕ್ಕದಲ್ಲಿದ್ದದ್ದು ತಂಗಿಯದಲ್ಲ, ಅಕ್ಕನದೇ ಹೆಸರು.

"ಯಾಕೇ ಹಾಗಂದೆ?" ಅಕ್ಕ ಕೇಳಿದಳು.

"ನೀನು ಎದ್ದು ನಿಂತುಬಿಟ್ಟಿದ್ದೆ ಅಕ್ಕ. ಆಮೇಲೆ ಕೂತ್ಕೊಳ್ಳೋದು ಕಷ್ಟ ಆಗ್ತಿತ್ತು." ತಂಗಿ ತನ್ನ ಪದರವನ್ನು ಅಳಿಸತೊಡಗಿದಳು.

ಹೊರಗೆ ಮ್ಯಾನೇಜರ್ ಎಲ್ಲರಿಗೂ ಸುದ್ದಿ ಹೇಳುತ್ತಿದ್ದರು. ಅಕ್ಕ ಕದಲಲಿಲ್ಲ. ಇವಳು ಗೆದ್ದಿದ್ದರೆ ಹೊಟ್ಟೆ ಉರಿಯುತ್ತಿತ್ತು, ಅಷ್ಟೇ ತಾನೆ. ಇದನ್ನು ಹೇಗೆ ಕ್ಷಮಿಸುವುದು?